ಕಿರಿಯರ ತಂಡದ ಆಟಗಾರನನ್ನು ಅಳೆಯುವ ಬಗೆ

ಬೆಳೆಯುವ ಪೈರು ಮೊಳಕೆಯಲ್ಲಿ ಎಂಬುದು ನಮ್ಮ ಹಿರಿಯರ ಮಾತು. ಮಾತು ನಿಜವೇ. ಆದರೆ ಯಾವ ಮೊಳಕೆ ಪೈರಿನದು, ಯಾವುದು ಕಳೆಯದು ಎಂದು ಮೊದಲೇ ಗುರುತಿಸುವ ಬಗೆ ಯಾವುದು ಎಂಬುದನ್ನು ಗಾದೆ ತಿಳಿಸುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಬೇಸ್‌ಬಾಲ್ ಆಟದಲ್ಲಿ ಈ ಗುರುತಿಸುವ ಕೆಲಸವೇ ಒಂದು ವಿದ್ಯೆಯಾಗಿ ಬೆಳೆದಿದೆ. ವರ್ಷವರ್ಷವೂ ಆಟದ ಋತು ಮುಗಿದೊಡನೆ ಸಾವಿರಾರು ತರುಣರ ಯೋಗ್ಯತೆಯನ್ನು ತೂಗಿ, ಇವನನ್ನು ಮೇಲಕ್ಕೇರಿಸಬೇಕು, ಇವನನ್ನು ಇಲ್ಲಿಯೇ ಉಳಿಸಬೇಕು, ಇವನನ್ನು ಮನೆಗೆ ಕಳುಹಿಸಬೇಕು ಎಂದು ತೀರ್ಮಾನಿಸುತ್ತಾರೆ. ಆ ತೂಕ ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಒಂದು ಪ್ರಸಿದ್ಧ ನಿದರ್ಶನದ ಮೂಲಕ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

1. ಸಸಿಮಡಿಯ ವ್ಯವಸ್ಥೆ

ಕ್ರಿಕೆಟ್ ಬಲ್ಲ ನಮಗೆ ಬೇಸ್‌ಬಾಲ್ ತೀರ ಹೊರಗಿನದಲ್ಲ. ಇಲ್ಲಿಯೂ ಒಬ್ಬನು ಚೆಂಡು ಎಸೆಯುತ್ತಾನೆ, ಇನ್ನೊಬ್ಬನು ದಾಂಡಿನಿಂದ ಹೊಡೆದು ಓಡುತ್ತಾನೆ. ಆದರೆ ಆಟಗಾರನನ್ನು ಬೆಳೆಸುವ ಕ್ರಮ ಬೇರೆ. ಅಲ್ಲಿನ ಹಿರಿಯ ತಂಡಗಳು ಮೂವತ್ತು. ಒಂದೊಂದು ಹಿರಿಯ ತಂಡದ ಕೆಳಗೂ ಕಿರಿಯ ತಂಡಗಳು ಮೆಟ್ಟಿಲು ಮೆಟ್ಟಿಲಾಗಿ ಇರುತ್ತವೆ. 2021ರಲ್ಲಿ ಜಾರಿಗೆ ಬಂದ ಏರ್ಪಾಟಿನಂತೆ ಪ್ರತಿಯೊಂದಕ್ಕೂ ನಾಲ್ಕು ಪ್ರಧಾನ ಮೆಟ್ಟಿಲುಗಳು, ಒಟ್ಟು ನೂರ ಇಪ್ಪತ್ತು ತಂಡಗಳು. ಇವುಗಳ ಕೆಳಗೆ ಹೊಸಬರ ಅಭ್ಯಾಸಕ್ಕಾಗಿ ಇನ್ನೂ ಕೆಲವು ತಂಡಗಳುಂಟು.

ಇಂಥ ವ್ಯವಸ್ಥೆಯನ್ನು ಮೊದಲು ಕ್ರಮಬದ್ಧವಾಗಿ ಕಟ್ಟಿದವರು ಬ್ರಾಂಚ್ ರಿಕಿ. 1920ರ ದಶಕದಲ್ಲಿ ಅವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಆಡಳಿತದಲ್ಲಿದ್ದರು. ಸಿದ್ಧವಾದ ಆಟಗಾರರನ್ನು ಕೊಳ್ಳಲು ಹಣ ಸಾಲದ ತಂಡವು ತನ್ನ ಆಟಗಾರರನ್ನು ತಾನೇ ಬೆಳೆದುಕೊಳ್ಳಬೇಕು ಎಂಬುದು ಅವರ ಯೋಚನೆ. ಅಮೆರಿಕದವರು ಇದನ್ನು ಬೇಸಾಯದ ಹೊಲಕ್ಕೆ ಹೋಲಿಸಿ ಹೆಸರಿಟ್ಟಿದ್ದಾರೆ. ನಮ್ಮ ರೈತರ ಮಾತಿನಲ್ಲಿ ಸಸಿಮಡಿ ಎಂದರೆ ಸರಿಯಾದೀತು. ಸಸಿಮಡಿಯಲ್ಲಿ ಹುಟ್ಟಿದ್ದೆಲ್ಲವೂ ಗದ್ದೆಗೆ ಹೋಗುವುದಿಲ್ಲ. ಕಿರಿಯ ತಂಡಗಳಲ್ಲಿ ಆಡುವವರ ಪೈಕಿ ಹಿರಿಯರ ಅಂಗಳಕ್ಕೆ ಕಾಲಿಡುವವರು ಕೆಲವರೇ.

2. ಅಳತೆಗೋಲುಗಳು

ಆಟಗಾರನನ್ನು ಅಳೆಯಲು ಎರಡು ಸಾಧನಗಳಿವೆ. ಒಂದು ಅಂಕಿ, ಇನ್ನೊಂದು ಕಣ್ಣು.

ಅಂಕಿಗಳಲ್ಲಿ ಬಹಳ ಹಳೆಯದು ಹೊಡೆತದ ಸರಾಸರಿ. ಲೆಕ್ಕಕ್ಕೆ ಬರುವ ಸರದಿಗಳಲ್ಲಿ ಎಷ್ಟು ಸಲ ಸಫಲವಾಗಿ ಹೊಡೆದನೆಂಬ ಪಾಲನ್ನು ಮೂರು ದಶಮಾಂಶ ಸ್ಥಾನಗಳಲ್ಲಿ ಹೇಳುವುದು ರೂಢಿ. ಹತ್ತು ಸರದಿಗೆ ಮೂರು ಸಫಲವಾದರೆ 0.300, ಅವನು ಉತ್ತಮ ದಾಂಡಿಗ.

ಕಣ್ಣಿನ ಕೆಲಸ ಮಾಡುವವರು ಸ್ಕೌಟುಗಳೆಂಬ ಶೋಧಕರು. ಊರೂರು ಅಲೆದು ಪಂದ್ಯಗಳನ್ನು ನೋಡಿ ವರದಿ ಬರೆಯುವುದು ಅವರ ವೃತ್ತಿ. ದಾಂಡಿಗನಲ್ಲಿ ಅವರು ಐದು ಸಾಮರ್ಥ್ಯಗಳನ್ನು ಹುಡುಕುತ್ತಾರೆ: ಚೆಂಡನ್ನು ತಪ್ಪದೆ ಹೊಡೆಯುವುದು, ದೂರಕ್ಕೆ ಹೊಡೆಯುವುದು, ಓಟ, ಹಿಡಿತ, ಎಸೆತ. ಒಂದೊಂದಕ್ಕೂ ಇಪ್ಪತ್ತರಿಂದ ಎಂಬತ್ತರವರೆಗೆ ಗುಣ ಕೊಡುತ್ತಾರೆ. ಹಿರಿಯ ತಂಡದ ಸಾಧಾರಣ ಆಟಗಾರನಿಗೆ ಐವತ್ತು. ಮುಖ್ಯವಾದ ಸಂಗತಿಯೆಂದರೆ, ಇಂದು ಇರುವ ಗುಣ ಒಂದು, ಮುಂದೆ ಬರಬಹುದಾದ ಗುಣ ಇನ್ನೊಂದು ಎಂದು ಎರಡನ್ನು ಬೇರೆಬೇರೆಯಾಗಿ ನಮೂದಿಸುತ್ತಾರೆ. ಇತ್ತೀಚೆಗೆ ಚೆಂಡಿನ ವೇಗ, ತಿರುಗು, ಹೊಡೆತದ ಕೋನಗಳನ್ನು ಯಂತ್ರಗಳೇ ಅಳೆಯುತ್ತವೆ. ಆದರೂ ಎರಡನೆಯ ಅಂಕಣವನ್ನು ಮನುಷ್ಯನೇ ತುಂಬಬೇಕಾಗಿದೆ.

3. ಮಾಂಟ್ರಿಯಲ್ ತಂಡ, 1954

ಈಗ ನಿದರ್ಶನಕ್ಕೆ ಬರೋಣ. ಕೆನಡಾದ ಮಾಂಟ್ರಿಯಲ್ ನಗರದ ರಾಯಲ್ಸ್ ತಂಡವು ಬ್ರೂಕ್ಲಿನ್ ಡಾಡ್ಜರ್ಸ್ ಸಂಸ್ಥೆಯ ಅತ್ಯುನ್ನತ ಕಿರಿಯ ತಂಡವಾಗಿತ್ತು. ಜಾಕಿ ರಾಬಿನ್‌ಸನ್ ವರ್ಣಭೇದದ ಗೋಡೆಯನ್ನೊಡೆದು 1947ರಲ್ಲಿ ಹಿರಿಯ ತಂಡಕ್ಕೆ ಹೋಗುವ ಮುನ್ನ, 1946ರಲ್ಲಿ ಆಡಿದುದು ಇಲ್ಲಿಯೇ.

1954ರ ಫೆಬ್ರವರಿಯಲ್ಲಿ ಡಾಡ್ಜರ್ಸ್ ಸಂಸ್ಥೆಯು ಪೋರ್ಟೊರಿಕೊ ದ್ವೀಪದ ಹತ್ತೊಂಬತ್ತು ವರ್ಷದ ಒಬ್ಬ ಹುಡುಗನನ್ನು ಹತ್ತು ಸಾವಿರ ಡಾಲರ್ ಮುಂಗಡ ಕೊಟ್ಟು ಸೇರಿಸಿಕೊಂಡಿತು. ಅವನ ಹೆಸರು ರೊಬರ್ಟೊ ಕ್ಲೆಮೆಂಟೆ. ಆ ಕಾಲದ ನಿಯಮದಂತೆ ನಾಲ್ಕು ಸಾವಿರ ಡಾಲರಿಗಿಂತ ಹೆಚ್ಚು ಮುಂಗಡ ಪಡೆದವನನ್ನು ಎರಡು ವರ್ಷ ಹಿರಿಯ ತಂಡದಲ್ಲಿಯೇ ಇಟ್ಟುಕೊಳ್ಳಬೇಕು. ಕಿರಿಯ ತಂಡಕ್ಕೆ ಕಳುಹಿಸಿದರೆ, ಋತು ಮುಗಿದ ಮೇಲೆ ಬೇರೆ ಸಂಸ್ಥೆಯವರು ನಾಲ್ಕು ಸಾವಿರ ಡಾಲರಿಗೆ ಅವನನ್ನು ಆರಿಸಿಕೊಂಡು ಹೋಗಬಹುದು. ಡಾಡ್ಜರ್ಸ್ ಇದನ್ನು ತಿಳಿದೂ ಅವನನ್ನು ಮಾಂಟ್ರಿಯಲ್‌ಗೆ ಕಳುಹಿಸಿತು.

ಹುಡುಗನ ಪಾಡನ್ನು ಊಹಿಸಬಹುದು. ಅವನ ಮಾತೃಭಾಷೆ ಸ್ಪ್ಯಾನಿಷ್. ಬಂದ ಊರಿನಲ್ಲಿ ಫ್ರೆಂಚ್, ತಂಡದಲ್ಲಿ ಇಂಗ್ಲಿಷ್. ಪಂದ್ಯಕ್ಕೆಂದು ದಕ್ಷಿಣದ ರಿಚ್ಮಂಡ್ ನಗರಕ್ಕೆ ಹೋದಾಗ ವರ್ಣಭೇದದ ಕಟ್ಟಳೆಯಿಂದಾಗಿ ಬಿಳಿಯ ಜೊತೆಗಾರರೊಂದಿಗೆ ತಂಗುವಂತಿರಲಿಲ್ಲ. ಇದಕ್ಕೆಲ್ಲ ಮೇಲಾಗಿ ಆಡಲು ಅವಕಾಶವೂ ಕಡಿಮೆ. ಋತು ಮುಗಿದಾಗ ಅವನ ಲೆಕ್ಕ ಹೀಗಿತ್ತು: 87 ಪಂದ್ಯ, 148 ಸರದಿ, 38 ಸಫಲ ಹೊಡೆತ, ಸರಾಸರಿ 0.257. ಬೇಲಿಯಾಚೆಗೆ ಹೊಡೆದದ್ದು ಎರಡೇ ಸಲ.

ಈ ಪಟ್ಟಿಯನ್ನು ಮಾತ್ರ ನೋಡಿದವನು ಏನೆಂದಾನು? ಸಾಧಾರಣ ಹುಡುಗ, ಇನ್ನೊಂದು ವರ್ಷ ನೋಡೋಣ ಎಂದಾನು.

4. ಅಂಕಿಯ ಪರೀಕ್ಷೆ

ಆದರೆ ಅಂಕಿಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಮೊದಲನೆಯದಾಗಿ, ಅದು ಎಷ್ಟು ಸರದಿಗಳಿಂದ ಹುಟ್ಟಿತು ಎಂದು ಕೇಳಬೇಕು. ಪ್ರತಿದಿನ ಪೂರ್ತಿ ಆಡುವವನಿಗೆ ಪಂದ್ಯಕ್ಕೆ ಸುಮಾರು ನಾಲ್ಕು ಸರದಿ ಸಿಗುತ್ತದೆ. ಕ್ಲೆಮೆಂಟೆಗೆ ಸಿಕ್ಕಿದುದು ಸರಾಸರಿ ಎರಡಕ್ಕೂ ಕಡಿಮೆ. ಎಂದರೆ ಎಷ್ಟೋ ಪಂದ್ಯಗಳಲ್ಲಿ ಅವನು ಕೊನೆಯ ಹೊತ್ತಿಗೆ ಬದಲಿಯಾಗಿ ಬಂದವನು.

ಸಂಖ್ಯಾಶಾಸ್ತ್ರವನ್ನು ಓದುತ್ತಿರುವ ಮಿತ್ರರು ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಬಹುದು. 0.257ನ್ನು 0.743ರಿಂದ ಗುಣಿಸಿ, 148ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 0.036 ಬರುತ್ತದೆ. ಕೇವಲ ಅದೃಷ್ಟದಿಂದ ಸರಾಸರಿಯು ಅತ್ತಿತ್ತ ಸರಿಯಬಹುದಾದ ಪ್ರಮಾಣವಿದು. ವಾಡಿಕೆಯಂತೆ ಇದರ ಎರಡರಷ್ಟನ್ನು ಎರಡು ಕಡೆಗೂ ಬಿಟ್ಟರೆ, ಅವನ ನಿಜವಾದ ಸಾಮರ್ಥ್ಯ 0.185ರಿಂದ 0.329ರವರೆಗೆ ಎಲ್ಲಿಯಾದರೂ ಇದ್ದೀತು. ಮೊದಲನೆಯ ತುದಿಯಲ್ಲಿರುವವನು ಆಟ ಬಿಡಬೇಕಾದವನು. ಎರಡನೆಯ ತುದಿಯಲ್ಲಿರುವವನು ರಾಷ್ಟ್ರದಲ್ಲಿಯೇ ಅಗ್ರಗಣ್ಯ. ಇಡೀ ಋತುವಿನಲ್ಲಿ ಇನ್ನು ಏಳು ಹೊಡೆತ ಸಫಲವಾಗಿದ್ದರೆ ಸರಾಸರಿ 0.300ನ್ನು ದಾಟುತ್ತಿತ್ತು. ಹೀಗಿರಲು ಆ ಅಂಕಿ ಅವನ ಪರವಾಗಿಯೂ ಸಾಕ್ಷಿ ನುಡಿಯುತ್ತಿರಲಿಲ್ಲ, ವಿರುದ್ಧವಾಗಿಯೂ ನುಡಿಯುತ್ತಿರಲಿಲ್ಲ.

ಎರಡನೆಯದಾಗಿ, ವಯಸ್ಸನ್ನೂ ಮೆಟ್ಟಿಲನ್ನೂ ಕೂಡಿಸಿ ನೋಡಬೇಕು. ಆ ಮೆಟ್ಟಿಲಿನಲ್ಲಿ ಹಿರಿಯ ತಂಡವನ್ನು ಕಂಡು ಬಂದ ಅನುಭವಿಗಳು ಎಷ್ಟೋ ಮಂದಿ ಇರುತ್ತಾರೆ. ಅವರ ನಡುವೆ ಹತ್ತೊಂಬತ್ತು ವರ್ಷದವನು ತಲೆ ತಗ್ಗಿಸದೆ ನಿಂತನೆಂಬುದೇ ಒಂದು ಗುಣ. ಇದಕ್ಕೆ ಪ್ರತಿಯಾಗಿ ಇನ್ನೊಂದು ಉದಾಹರಣೆ ಕೊಡಬಹುದು. ಬಾಸ್ಕೆಟ್‌ಬಾಲಿನ ಜಗತ್ಪ್ರಸಿದ್ಧ ಆಟಗಾರ ಮೈಕೇಲ್ ಜೋರ್ಡನ್ 1994ರಲ್ಲಿ ಬೇಸ್‌ಬಾಲ್ ಆಡುವ ಆಸೆಯಿಂದ, ಒಂದು ಮೆಟ್ಟಿಲು ಕೆಳಗಿನ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ತಂಡ ಸೇರಿದನು. 127 ಪಂದ್ಯಗಳಲ್ಲಿ ಅವನ ಸರಾಸರಿ 0.202. ಎಷ್ಟೋ ವರ್ಷ ಆಟದಿಂದ ದೂರವಿದ್ದವನಿಗೆ ಇದು ಅಲ್ಪವೇನಲ್ಲ. ಆದರೆ ಅವನಿಗೆ ಆಗ ಮೂವತ್ತೊಂದು ವರ್ಷ. ಬೆಳೆಯಲು ಕಾಲ ಉಳಿದಿರಲಿಲ್ಲ. ಹದಿನೆಂಟರ ಹುಡುಗನಿಗೆ ಅದೇ ಸರಾಸರಿ ಬಂದಿದ್ದರೆ ಶೋಧಕರು ಬೇರೆ ಮಾತನ್ನು ಬರೆಯುತ್ತಿದ್ದರು.

ಮೂರನೆಯದಾಗಿ, ಅವಕಾಶ ಏಕೆ ಕಡಿಮೆಯಾಯಿತೆಂದು ವಿಚಾರಿಸಬೇಕು. ಬೇರೆಯವರ ಕಣ್ಣಿಗೆ ಬೀಳದಿರಲೆಂದು ಡಾಡ್ಜರ್ಸ್ ಸಂಸ್ಥೆಯೇ ಕ್ಲೆಮೆಂಟೆಯನ್ನು ಬೇಕೆಂದು ಬಚ್ಚಿಟ್ಟಿತು ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಅನಂತರ ಸ್ಟ್ಯೂ ಥಾರ್ನ್‌ಲಿ ಎಂಬ ಸಂಶೋಧಕನು ಆ ವರ್ಷದ ಪಂದ್ಯಗಳನ್ನು ಒಂದೊಂದಾಗಿ ಪರಿಶೀಲಿಸಿ ಬೇರೊಂದು ಕಾರಣವನ್ನು ಮುಂದಿಟ್ಟನು. ಋತುವಿನ ಉತ್ತರಾರ್ಧದಲ್ಲಿ ಎದುರಾಳಿಯ ಎಸೆತಗಾರ ಎಡಗೈಯವನಾಗಿದ್ದಾಗ ಬಲಗೈ ದಾಂಡಿಗನಾದ ಕ್ಲೆಮೆಂಟೆ ಆಡುತ್ತಿದ್ದನು, ಬಲಗೈಯವನಾಗಿದ್ದಾಗ ಕುಳಿತಿರುತ್ತಿದ್ದನು. ಇದು ಆಟದಲ್ಲಿ ರೂಢಿಯ ತಂತ್ರವೇ. ಬಚ್ಚಿಟ್ಟದ್ದೋ, ತಂತ್ರವೋ, ಹುಡುಗನ ಪಟ್ಟಿಯಲ್ಲಿ ಕಂಡುದು ಮಾತ್ರ 148 ಎಂಬ ಒಂದೇ ಸಂಖ್ಯೆ. ಕಾರಣವನ್ನು ಪಟ್ಟಿ ಬರೆದಿಡುವುದಿಲ್ಲ.

5. ಕಣ್ಣಿನ ಪರೀಕ್ಷೆ

ಆ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡವು 53 ಪಂದ್ಯ ಗೆದ್ದು 101 ಸೋತು ತನ್ನ ಲೀಗಿನಲ್ಲಿ ಕಡೆಯ ಸ್ಥಾನದಲ್ಲಿತ್ತು. ಅದರ ಆಡಳಿತದಲ್ಲಿ ಆಗ ಇದ್ದವರು ಮೇಲೆ ಹೇಳಿದ ಬ್ರಾಂಚ್ ರಿಕಿಯವರೇ. ಮಾಂಟ್ರಿಯಲ್ ತಂಡದ ಜೋ ಬ್ಲ್ಯಾಕ್ ಎಂಬ ಎಸೆತಗಾರನನ್ನು ನೋಡಿ ಬರಲೆಂದು ಅವರ ಶೋಧಕ ಕ್ಲೈಡ್ ಸೂಕ್‌ಫೋರ್ತ್ ರಿಚ್ಮಂಡಿಗೆ ಹೋದನು. ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಅವನ ದೃಷ್ಟಿ ಮೈದಾನದ ಅಂಚಿನಿಂದ ಚೆಂಡು ಎಸೆಯುತ್ತಿದ್ದ ಹುಡುಗನ ಮೇಲೆ ನಿಂತಿತು. ಎಸೆತದ ಆ ಶಕ್ತಿ ಕಲಿಸಿದರೆ ಬರುವಂಥದಲ್ಲ. ಮುಂದೆ ಅವನ ಹೊಡೆತವನ್ನೂ ನೋಡಿದನು. ಪಂದ್ಯದಲ್ಲಿ ಆಡಿಸದಿದ್ದರೇನಂತೆ, ಅಭ್ಯಾಸವನ್ನು ಯಾರೂ ಮರೆಮಾಡುವಂತಿರಲಿಲ್ಲ.

1954ರ ನವೆಂಬರ್ 22ರಂದು ಆಯ್ಕೆ ನಡೆಯಿತು. ಕಡೆಯ ಸ್ಥಾನದ ತಂಡಕ್ಕೆ ಮೊದಲ ಸರದಿ. ಪಿಟ್ಸ್‌ಬರ್ಗ್ ನಾಲ್ಕು ಸಾವಿರ ಡಾಲರ್ ಕೊಟ್ಟು ಕ್ಲೆಮೆಂಟೆಯನ್ನು ಪಡೆಯಿತು.

ಇದರಿಂದ ಡಾಡ್ಜರ್ಸ್ ಆಡಳಿತಗಾರರನ್ನು ಮೂಢರೆನ್ನಲಾಗದು. ಅವರಲ್ಲಿ ಹೊರಮೈದಾನದ ಸಮರ್ಥರು ಆಗಲೇ ಇದ್ದರು. ಮರುವರ್ಷ 1955ರಲ್ಲಿಯೇ ಅವರು ವಿಶ್ವ ಸರಣಿಯನ್ನು ಗೆದ್ದರು. ಅದರ ಕೊನೆಯ ಪಂದ್ಯದಲ್ಲಿ ಪ್ರಸಿದ್ಧವಾದ ಒಂದು ಹಿಡಿತದಿಂದ ತಂಡವನ್ನು ಕಾಪಾಡಿದ ಸ್ಯಾಂಡಿ ಅಮೊರೋಸ್ ಮಾಂಟ್ರಿಯಲ್‌ನಲ್ಲಿ ಪಳಗಿದವನೇ. ಗೆಲ್ಲುವ ತಂಡಕ್ಕೆ ಇಂದು ಫಲ ಕೊಡುವವನು ಬೇಕು. ಸೋಲುವ ತಂಡ ನಾಳಿನವನಿಗಾಗಿ ಕಾಯಬಲ್ಲದು. ಒಬ್ಬನೇ ಆಟಗಾರನಿಗೆ ಎರಡು ಮನೆಗಳಲ್ಲಿ ಎರಡು ಬೆಲೆ.

ಕಾಯಬೇಕಾದುದೂ ನಿಜವಾಯಿತು. 1955ರ ಆರಂಭದಲ್ಲಿ ಹುಡುಗನನ್ನು ಪೋರ್ಟೊರಿಕೊದಲ್ಲಿ ತಾವೇ ಕಂಡ ರಿಕಿಯವರು, ಆ ವರ್ಷ ಇವನಿಂದ ಹಿರಿಯ ತಂಡಕ್ಕೆ ಉಪಯೋಗವಾದೀತೇ ಎಂದು ಸಂದೇಹಪಟ್ಟರು. ಮೊದಲ ವರ್ಷ ಅವನ ಸರಾಸರಿ 0.255, ಮಾಂಟ್ರಿಯಲ್‌ಗಿಂತ ತುಸು ಕಡಿಮೆಯೇ. ಮರುವರ್ಷ 0.311ಕ್ಕೆ ಏರಿ, 1957ರಲ್ಲಿ 0.253ಕ್ಕೆ ಇಳಿಯಿತು. 1960ರಿಂದ ಈಚೆಗೆ ಅವನನ್ನು ತಡೆಯುವವರಿರಲಿಲ್ಲ. ನಾಲ್ಕು ಸಲ ತನ್ನ ಲೀಗಿನ ಅತ್ಯುತ್ತಮ ಸರಾಸರಿ, ಹನ್ನೆರಡು ಸಲ ಹಿಡಿತ-ಎಸೆತಗಳಿಗೆ ಚಿನ್ನದ ಕೈಗವಸಿನ ಪ್ರಶಸ್ತಿ, 1960 ಮತ್ತು 1971ರಲ್ಲಿ ವಿಶ್ವ ಸರಣಿಯ ಜಯ. 1972ರ ಸೆಪ್ಟೆಂಬರ್ 30ರಂದು ಮೂರು ಸಾವಿರದ ಹೊಡೆತವನ್ನು ಮುಟ್ಟಿದನು. ಅದೇ ಡಿಸೆಂಬರ್ 31ರಂದು ಭೂಕಂಪದಿಂದ ನೊಂದ ನಿಕರಾಗುವ ದೇಶಕ್ಕೆ ನೆರವಿನ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು, ಮೂವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡನು.

6. ಶಕ್ತಿಯೊಂದೇ ಸಾಲದು

ಹಾಗಾದರೆ ಕಣ್ಣನ್ನೇ ನಂಬಿ ಅಂಕಿಯನ್ನು ಬಿಡೋಣವೇ? ಅದೂ ಸರಿಯಲ್ಲ. ಸ್ಟೀವ್ ಡಾಲ್ಕೌಸ್ಕಿ ಎಂಬ ಎಡಗೈ ಎಸೆತಗಾರನಷ್ಟು ವೇಗವಾಗಿ ಎಸೆದವರನ್ನು ತಾವು ಕಂಡಿಲ್ಲವೆಂದು ಅವನೆದುರು ಆಡಿದವರು ಹೇಳುತ್ತಿದ್ದರು. 1957ರಲ್ಲಿ ಕಿಂಗ್ಸ್‌ಪೋರ್ಟ್ ತಂಡದಲ್ಲಿ 62 ಇನ್ನಿಂಗ್ಸ್‌ಗಳಲ್ಲಿ ಅವನು 121 ದಾಂಡಿಗರನ್ನು ಹೊಡೆಯಗೊಡದೆ ಔಟ್ ಮಾಡಿದನು. ಆದರೆ ಗುರಿ ತಪ್ಪಿದ ಚೆಂಡುಗಳಿಂದಾಗಿ 129 ಮಂದಿಗೆ ಪುಕ್ಕಟೆಯಾಗಿ ಮೊದಲ ನೆಲೆಯನ್ನು ಬಿಟ್ಟುಕೊಟ್ಟನು. 1962ರಲ್ಲಿ ಎಲ್ಮೈರಾ ತಂಡದಲ್ಲಿ ಅರ್ಲ್ ವೀವರ್ ಎಂಬ ಶಿಕ್ಷಕನ ಕೈಕೆಳಗೆ ಸ್ವಲ್ಪ ಹಿಡಿತಕ್ಕೆ ಬಂದನು. ಮರುವರ್ಷವೇ ತೋಳಿಗೆ ಪೆಟ್ಟಾಯಿತು. ಹಿರಿಯ ತಂಡದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ನಮ್ಮ ದೇಶದವರ ಅನುಭವವೂ ಇದಕ್ಕೆ ಸೇರುತ್ತದೆ. ಉತ್ತರ ಪ್ರದೇಶದ ಭರ್ಚಿ ಎಸೆತಗಾರರಾದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬಿಬ್ಬರನ್ನು 2008ರಲ್ಲಿ ಇದೇ ಪಿಟ್ಸ್‌ಬರ್ಗ್ ಸಂಸ್ಥೆ ಸೇರಿಸಿಕೊಂಡಿತು. ತೋಳಿನ ವೇಗವನ್ನು ಯಂತ್ರದಿಂದ ಅಳೆದು ಆರಿಸಿದ್ದರು. ಇಬ್ಬರೂ ಕಿರಿಯ ತಂಡದಲ್ಲಿ ಆಡಿದರು. ಹಿರಿಯ ತಂಡದವರೆಗೆ ಏರಲಿಲ್ಲ. ಆಟವನ್ನು ಬಾಲ್ಯದಿಂದ ಆಡಿದವನ ಅನುಭವವನ್ನು ವೇಗ ತುಂಬಿಕೊಡಲಾರದು.

7. ಉಪಸಂಹಾರ

ಮೇಲ್ಕಂಡ ವಿಚಾರಗಳನ್ನು ಕ್ರೋಡೀಕರಿಸಿದರೆ ಹೀಗೆನ್ನಬಹುದು. ಋತು ಮುಗಿದ ಮೇಲೆ ಆಟಗಾರನನ್ನು ತೂಗುವವನು ನಾಲ್ಕು ಪ್ರಶ್ನೆ ಕೇಳಬೇಕು. ಈ ಅಂಕಿ ಎಷ್ಟು ಅವಕಾಶಗಳಿಂದ ಬಂದಿದೆ? ಅವನ ವಯಸ್ಸೆಷ್ಟು, ಎದುರಿದ್ದವರು ಯಾರು? ಅವನಲ್ಲಿ ಕಲಿಸಿದರೆ ಬಾರದ ಗುಣ ಯಾವುದಿದೆ? ಅವನಲ್ಲಿ ಇಲ್ಲದಿರುವುದು ಕಲಿಸಿದರೆ ಬರುವಂಥದೇ? ಕ್ಲೆಮೆಂಟೆಯಲ್ಲಿ ತೋಳಿನ ಶಕ್ತಿ ಹುಟ್ಟಿನಿಂದ ಇತ್ತು, ಇಲ್ಲದಿದ್ದುದು ಅನುಭವ, ಅದು ಬಂದಿತು. ಡಾಲ್ಕೌಸ್ಕಿಯಲ್ಲಿ ಇಲ್ಲದಿದ್ದುದು ಗುರಿ. ಅದು ಬರುವ ಹೊತ್ತಿಗೆ ತೋಳು ಉಳಿಯಲಿಲ್ಲ.

ವರ್ಷದ ಕೊನೆಯಲ್ಲಿ ಅಂಕಪಟ್ಟಿ ಹಿಡಿದು ನಿಲ್ಲುವ ನಮಗೂ ಅದನ್ನು ಬರೆದುಕೊಡುವ ಗುರುಗಳಿಗೂ ಈ ಪ್ರಶ್ನೆಗಳು ಅಪರಿಚಿತವಲ್ಲ. ಅಂಕಿ ಸುಳ್ಳು ಹೇಳುವುದಿಲ್ಲ. ಆದರೆ ತನ್ನನ್ನು ಕೇಳಿದಷ್ಟಕ್ಕೇ ಉತ್ತರ ಕೊಡುತ್ತದೆ. ರಿಚ್ಮಂಡಿನಲ್ಲಿ ಆ ದಿನ ಪಟ್ಟಿಯನ್ನು ಮಾತ್ರ ಓದಿ ಹಿಂದಿರುಗುವುದು ಸೂಕ್‌ಫೋರ್ತ್‌ಗೆ ಸುಲಭವಾಗಿತ್ತು. ಅವನು ಪಂದ್ಯಕ್ಕೆ ಮುಂಚಿತವಾಗಿ ಬಂದು, ಯಾರೂ ಲೆಕ್ಕವಿಡದ ಅಭ್ಯಾಸವನ್ನೂ ನೋಡಿದನು.