ಗಾಳಿಗೆ ಹಾಕಿದ ದುಡ್ಡು

ಚಿತ್ರದುರ್ಗದ ನಮ್ಮ ಮನೆಯ ತಾರಸಿ ಹತ್ತಿದರೆ ಮೊದಲು ಕಾಣುವುದು ಪಿಲ್ಲರ್ ಕಂಬಿಗಳು. ಎಂಟು ಪಿಲ್ಲರು, ಒಂದೊಂದರ ತಲೆಯ ಮೇಲೂ ಎದೆಮಟ್ಟಕ್ಕೆ ನಾಲ್ಕು ನಾಲ್ಕು ಕಂಬಿ. ಮೇಲೊಂದು ಮಹಡಿ ಎಬ್ಬಿಸುವಾಗ ಬೇಕಾಗುತ್ತದೆಂದು ಮೇಸ್ತ್ರಿ ಬಿಟ್ಟು ಹೋದದ್ದು. ಅವುಗಳ ಸಂದಿಯಿಂದ ನೋಡಿದರೆ ಜೋಗಿಮಟ್ಟಿ ಕಡೆಯ ಬೆಟ್ಟಸಾಲು, ಅದರ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು. ಮಹಡಿಯ ದುಡ್ಡು ಆ ರೆಕ್ಕೆಗಳ ಕಡೆಗೆ ಹಾರಿದ್ದು 2007ರ ಅಕ್ಟೋಬರಿನಲ್ಲಿ. ಬಂದ ನೆಂಟರು "ಮೇಲಿಂದು ಯಾವಾಗ ಕಟ್ಟಿಸ್ತೀರಿ?" ಎಂದರೆ ನನ್ನ ಹೆಂಡತಿ ಇವತ್ತಿಗೂ "ಅವರನ್ನೇ ಕೇಳಿ" ಎಂದು ಒಳಗೆ ಹೋಗುತ್ತಾಳೆ.

ನಾನು ಸರ್ಕಾರಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರಾಗಿದ್ದವನು. ಗಾಳಿಯ ವೇಗ ಎರಡು ಪಟ್ಟಾದರೆ ಅದರಿಂದ ಸಿಗುವ ಶಕ್ತಿ ಎಂಟು ಪಟ್ಟಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದು, ಕಿಟಕಿಯಾಚೆಗೆ ಕೈ ತೋರಿಸಿ "ಅಲ್ನೋಡಿ" ಎನ್ನುವ ಭಾಗ್ಯ ಎಷ್ಟು ಜನ ಮೇಷ್ಟ್ರುಗಳಿಗೆ ಇದ್ದೀತು! ಎಂಥ ಯಂತ್ರವಾದರೂ ಗಾಳಿಯಲ್ಲಿರುವ ಶಕ್ತಿಯ ಶೇಕಡಾ 59.3ಕ್ಕಿಂತ ಹೆಚ್ಚು ಹಿಡಿಯಲಾರದು ಎಂಬ ಬೆಟ್ಜ್ ಮಿತಿಯನ್ನೂ ಹೇಳಿಕೊಡುತ್ತಿದ್ದೆ. ಹೆದ್ದಾರಿಯಲ್ಲಿ ಉದ್ದನೆಯ ಟ್ರೇಲರಿನ ಮೇಲೆ ಒಂದೇ ಒಂದು ರೆಕ್ಕೆ ಮಲಗಿಸಿಕೊಂಡು ಲಾರಿ ತಿರುವಿನಲ್ಲಿ ಹೆಣಗುತ್ತಿದ್ದರೆ ಸ್ಕೂಟರ್ ನಿಲ್ಲಿಸಿ ಪೂರ್ತಿ ನೋಡಿಕೊಂಡೇ ಹೋಗುತ್ತಿದ್ದೆ. ಊರಿಗೆ ತೇರು ಬಂದ ಹಾಗಿರುತ್ತಿತ್ತು.

ಷೇರಿನ ಹುಚ್ಚು ಹತ್ತಿದ್ದು ಸ್ಟಾಫ್ ರೂಮಿನಲ್ಲಿ. ಪವನ ವಿದ್ಯುತ್ತಿನ ದೊಡ್ಡ ಕಂಪನಿ ಸುಜ್ಲಾನ್ 2005ರ ಅಕ್ಟೋಬರಿನಲ್ಲಿ 510 ರೂಪಾಯಿಯಂತೆ ಷೇರು ಕೊಟ್ಟಿತ್ತು. 2007ರ ಕೊನೆಯ ಹೊತ್ತಿಗೆ ಅದು ಎರಡು ಸಾವಿರದ ಆಸುಪಾಸಿನಲ್ಲಿತ್ತು. ಆ ಬಸ್ಸು ತಪ್ಪಿತು, ಹಿಂದೆ ಬರುವ ಸಣ್ಣ ಬಸ್ಸನ್ನಾದರೂ ಹಿಡಿಯೋಣ ಎಂದು ನಾನು ಆರಿಸಿಕೊಂಡದ್ದು ಗಾಳಿಯಂತ್ರಕ್ಕೆ ಬಿಡಿಭಾಗ ಮಾಡುವ ಒಂದು ಸಣ್ಣ ಕಂಪನಿ. ಅದರ ಹೆಸರು ಬೇಡ. ತಪ್ಪು ಅದರದ್ದಲ್ಲ, ನನ್ನದು. ಮಹಡಿಗೆಂದು ಜಿಪಿಎಫ್‌ನಿಂದ ತೆಗೆದ 1,80,000 ರೂಪಾಯಿಯಲ್ಲಿ, 72ರಂತೆ 2,500 ಷೇರು ಕೊಂಡೆ. ಬಿ.ಡಿ. ರಸ್ತೆಯ ಬ್ರೋಕರ್ ಆಫೀಸಿನ ಹುಡುಗ ಡಿಮ್ಯಾಟ್ ಫಾರಂನಲ್ಲಿ ಹದಿನೈದು ಕಡೆ ಸಹಿ ಹಾಕಿಸಿಕೊಂಡ. ಒಂದನ್ನೂ ಓದಲಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆ ಓದದೆ ಉತ್ತರ ಬರೆಯುವ ಹುಡುಗರಿಗೆ ಬೈಯುತ್ತಿದ್ದವನು ನಾನೇ.

ನನ್ನ ತರ್ಕ ಒಂದೇ ಸಾಲಿನದು: ಗಾಳಿ ಬೀಸುವುದು ನಿಲ್ಲುತ್ತದೆಯೇ? ಕಲ್ಲಿದ್ದಲು ಮುಗಿಯುತ್ತದೆ, ಪೆಟ್ರೋಲು ಮುಗಿಯುತ್ತದೆ, ಗಾಳಿ ಮುಗಿಯುವುದಿಲ್ಲ. ಆದ್ದರಿಂದ ಈ ಷೇರು ಮೇಲಕ್ಕೇ ಹೋಗಬೇಕು. ಹೋಯಿತು ಕೂಡ. 2008ರ ಜನವರಿ ಮೊದಲ ವಾರ 118 ಮುಟ್ಟಿತು. ಹಳೆಯ ಲ್ಯಾಬ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಸಂಜೆ ಸಂಜೆ ಲೆಕ್ಕ ಹಾಕುತ್ತಿದ್ದೆ. ಮಹಡಿಯ ಜೊತೆಗೆ ಬಚ್ಚಲಿಗೆ ಟೈಲ್ಸ್, ಆಮೇಲೆ ಗೇಟು, ಆಮೇಲೆ ಒಂದು ಮಾರುತಿ. ಮಾರೋಣವೇ ಎಂಬ ಯೋಚನೆ ಒಮ್ಮೆಯೂ ಬರಲಿಲ್ಲ. ಮಾರಿದರೆ ಗಾಳಿಯ ಮೇಲಿನ ನಂಬಿಕೆಗೇ ದ್ರೋಹ ಮಾಡಿದಂತೆ ಅನ್ನಿಸುತ್ತಿತ್ತು.

ಜನವರಿ 10ರಂದು ಸೆನ್ಸೆಕ್ಸ್ 21,206ನ್ನು ತಾಕಿ ಬಂದಿತ್ತು. 21ನೇ ತಾರೀಖು ಸೋಮವಾರ, 1,408 ಅಂಶ ಬಿತ್ತು. ಮಾರನೆಯ ದಿನ ಬಾಗಿಲು ತೆರೆದ ನಿಮಿಷಗಳಲ್ಲೇ ವಹಿವಾಟನ್ನು ಒಂದು ಗಂಟೆ ನಿಲ್ಲಿಸಬೇಕಾಯಿತು. ನಾನು ಲ್ಯಾಬಿನಲ್ಲಿ ಮಕ್ಕಳಿಗೆ ಸರಳ ಲೋಲಕ ತೋರಿಸುತ್ತಿದ್ದೆ. ಮಧ್ಯಾಹ್ನ ಬ್ರೋಕರ್ ಆಫೀಸಿಗೆ ಹೋದರೆ ಮದುವೆ ಮನೆಯಷ್ಟು ಜನ, ಸಾವಿನ ಮನೆಯಷ್ಟು ಮೌನ. ನನ್ನ ಷೇರು ಲೋವರ್ ಸರ್ಕ್ಯೂಟ್‌ನಲ್ಲಿತ್ತು. ಎಂದರೆ ಮಾರುವವರು ಸಾಲುಗಟ್ಟಿದ್ದರು, ಕೊಳ್ಳುವವನು ಒಬ್ಬನೂ ಇರಲಿಲ್ಲ. ಪರದೆಯ ಮೇಲೆ ಕಾಣುವ ಬೆಲೆ ಕೊಳ್ಳುವವನಿದ್ದಾಗ ಮಾತ್ರ ಬೆಲೆ ಎಂಬುದು ಆವತ್ತು ತಿಳಿಯಿತು. ತಿಳಿದೂ ಏನು ಮಾಡಿದೆ? ಬ್ರೋಕರ್ ಹುಡುಗ "ಆವರೇಜ್ ಮಾಡಿ ಸರ್" ಎಂದ. ಮಾಡಿದೆ. 41ರಂತೆ ಎರಡು ಸಾವಿರ ಷೇರು. ಅಕ್ಟೋಬರಿನಲ್ಲಿ ಸೆನ್ಸೆಕ್ಸ್ ಎಂಟು ಸಾವಿರಕ್ಕಿಂತ ಕೆಳಗೆ ಇಣುಕಿದಾಗ ನೌಕರರ ಸೊಸೈಟಿಯಲ್ಲಿ ಸಾಲ ಮಾಡಿ 16ರಂತೆ ಮತ್ತೆ ಮೂರು ಸಾವಿರ. ಒಟ್ಟು 3,10,000 ರೂಪಾಯಿ. ಹಲ್ಲು ನೋಯುತ್ತಿದೆ ಎಂದು ಗೊತ್ತಿದ್ದೂ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದಲ್ಲ, ಹಾಗೆ.

ಹೆಂಡತಿಗೆ ಹೇಳಿರಲಿಲ್ಲ. ಸೊಸೈಟಿ ಸಾಲದ ಕಂತು ಸಂಬಳದ ಚೀಟಿಯಲ್ಲಿ ಕಂಡು ಅವಳೇ ಕೇಳಿದಳು. ಎಲ್ಲ ಕೇಳಿಸಿಕೊಂಡ ಮೇಲೆ ಅವಳು ಅಂದದ್ದು ಇಷ್ಟೇ: "ಗಾಳಿ ಬೀಸೋದು ನಿಲ್ಲಲ್ಲ, ಸರಿ. ಅದು ಬೀಸಿದ್ರೆ ದುಡ್ಡು ಯಾರ ಕೈಗೆ ಹೋಗುತ್ತೆ ಅಂತ ವಿಚಾರಿಸಿದ್ರಾ?" ವಿಚಾರಿಸಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಹತ್ತು ವರ್ಷ ಬೇಕಾಯಿತು.

ಗಾಳಿಗೂ ನನ್ನ ಕಿಸೆಗೂ ನಡುವೆ ಉದ್ದನೆಯ ಸರತಿ ಇತ್ತು. ಮೊದಲು ನಿಂತವರು ಸಾಲ ಕೊಟ್ಟ ಬ್ಯಾಂಕಿನವರು. ಅವರ ಹಿಂದೆ ಬಾಂಡ್ ಕೊಂಡವರು. ವಿದ್ಯುತ್ ಕೊಂಡ ಸರಬರಾಜು ಕಂಪನಿಗಳು ದುಡ್ಡು ಕೊಡಬೇಕಾದವು, ಆದರೆ ತಿಂಗಳುಗಟ್ಟಲೆ ಬಾಕಿ ಇಟ್ಟವು. ಈ ಸಾಲಿನ ಬಾಲದಲ್ಲಿ, ಉಳಿದರೆ ಉಂಟು ಇಲ್ಲದಿದ್ದರೆ ಇಲ್ಲ ಎಂಬ ಜಾಗದಲ್ಲಿ ನಿಂತವನು ಷೇರುದಾರ. ಇನ್ನೂ ಸೋಜಿಗದ ಸಂಗತಿಯೆಂದರೆ, ಆ ಕಾಲದಲ್ಲಿ ಗಾಳಿಯಂತ್ರ ಕೊಳ್ಳುತ್ತಿದ್ದ ಬಹಳಷ್ಟು ಜನಕ್ಕೆ ಗಾಳಿಯ ಗೊಡವೆಯೇ ಇರಲಿಲ್ಲ. ಯಂತ್ರದ ಬೆಲೆಯ ಶೇಕಡಾ 80ನ್ನು ಮೊದಲ ವರ್ಷವೇ ಸವಕಳಿಯೆಂದು ತೋರಿಸಿ ತೆರಿಗೆ ಉಳಿಸಬಹುದು ಎಂಬ ಕಾರಣಕ್ಕೆ ಜವಳಿ ಗಿರಣಿಯವರೂ ಇತರ ಉದ್ಯಮಿಗಳೂ ಕೊಳ್ಳುತ್ತಿದ್ದರು. 2012ರ ಏಪ್ರಿಲ್‌ನಲ್ಲಿ ಸರ್ಕಾರ ಆ ಸೌಲಭ್ಯ ತೆಗೆಯಿತು. ಯೂನಿಟ್‌ಗೆ 50 ಪೈಸೆ ಕೊಡುತ್ತಿದ್ದ ಪ್ರೋತ್ಸಾಹಧನವೂ ಅದೇ ಹೊತ್ತಿಗೆ ನಿಂತಿತು. ಹಿಂದಿನ ವರ್ಷ ದೇಶದಲ್ಲಿ ಸುಮಾರು 3,200 ಮೆಗಾವಾಟ್ ಹೊಸ ಪವನ ಘಟಕ ಬಂದಿತ್ತು, ಆ ವರ್ಷ 1,700ಕ್ಕೆ ಇಳಿಯಿತು. ಜೋಗಿಮಟ್ಟಿಯ ಗಾಳಿ ಮಾತ್ರ ಎಂದಿನ ಹಾಗೇ ಇತ್ತು. ಆ ಎರಡು ಸೌಲಭ್ಯಗಳನ್ನೂ ಸರ್ಕಾರ ಆಮೇಲೆ ಮರಳಿ ಕೊಟ್ಟಿತು. ಅಷ್ಟರಲ್ಲಿ ನನ್ನ ಸಣ್ಣ ಬಸ್ಸಿನ ಡೀಸೆಲ್ ಮುಗಿದಿತ್ತು. 2011ರಲ್ಲಿ ಎರಡು ಸಾವಿರ ಷೇರನ್ನು 11ರಂತೆ ಮಾರಿ 22,000 ಕೈಗೆ ತಂದುಕೊಂಡಿದ್ದೆ. ಉಳಿದ 5,500ರ ವಹಿವಾಟನ್ನೇ 2014ರಲ್ಲಿ ಅಮಾನತು ಮಾಡಿದರು. ಡಿಮ್ಯಾಟ್ ಖಾತೆಯಲ್ಲಿ ಅವು ಈಗಲೂ ಇವೆ, ಸತ್ತವರ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದ ಹಾಗೆ.

ಆದರೆ ನನ್ನನ್ನು ನಿಜಕ್ಕೂ ಕಲಕಿದ್ದು ಮುಳುಗಿದ ಕಂಪನಿಯಲ್ಲ, ಬದುಕಿ ಉಳಿದ ಕಂಪನಿ. ಸುಜ್ಲಾನ್ ಕತೆ ಮಾರುಕಟ್ಟೆಯವರಿಗೆಲ್ಲ ಗೊತ್ತು. 2008ರ ಜನವರಿಯಲ್ಲಿ ಷೇರನ್ನು ಐದಾಗಿ ಒಡೆದರು. ಆ ಲೆಕ್ಕದಲ್ಲಿ ಅದರ ಶಿಖರ 460ರ ಹತ್ತಿರ. ಆಮೇಲೆ ವಿದೇಶಿ ಕಂಪನಿ ಕೊಳ್ಳಲು ಮಾಡಿದ ಸಾಲ, ಅಮೆರಿಕದಲ್ಲಿ ರೆಕ್ಕೆ ಬಿರುಕುಬಿಟ್ಟ ಪ್ರಕರಣ, 2012ರ ಅಕ್ಟೋಬರಿನಲ್ಲಿ ವಿದೇಶಿ ಬಾಂಡುಗಳ ಮರುಪಾವತಿ ತಪ್ಪಿದ್ದು. 2020ರ ಮಾರ್ಚ್‌ನಲ್ಲಿ ಎರಡು ರೂಪಾಯಿಗೂ ಕೆಳಗೆ ಬಿತ್ತು. ಅಲ್ಲಿಂದ ಎದ್ದು 2024ರಲ್ಲಿ 80 ದಾಟಿತು. ಟಿವಿಯಲ್ಲಿ ಇದನ್ನು ಪುನರ್ಜನ್ಮ ಎಂದರು. ನಾನು ಹಳೆಯ ಲ್ಯಾಬ್ ನೋಟ್‌ಬುಕ್ ಹುಡುಕಿ ಕೂತೆ.

2008ರಲ್ಲಿ ಆ ಕಂಪನಿಗೆ ಇದ್ದದ್ದು ಸುಮಾರು 150 ಕೋಟಿ ಷೇರು. 460ರಿಂದ ಗುಣಿಸಿದರೆ ಇಡೀ ಕಂಪನಿಯ ಮೌಲ್ಯ 69,000 ಕೋಟಿ ರೂಪಾಯಿ. 2024ರಲ್ಲಿ ಷೇರುಗಳ ಸಂಖ್ಯೆ 1,360 ಕೋಟಿ. 80ರಿಂದ ಗುಣಿಸಿದರೆ ಒಂದು ಲಕ್ಷ ಕೋಟಿಗೂ ಮೇಲೆ. ಅಂದರೆ ಆಗ ಕಂಪನಿ ಹಿಂದೆಂದಿಗಿಂತ ದೊಡ್ಡ ಬೆಲೆಯದಾಗಿತ್ತು, ಆದರೆ ಶಿಖರದಲ್ಲಿ ಕೊಂಡು ಹದಿನಾರು ವರ್ಷ ಹಲ್ಲು ಕಚ್ಚಿ ಹಿಡಿದವನ ನೂರು ರೂಪಾಯಿ ಹದಿನೇಳೋ ಹದಿನೆಂಟೋ ಆಗಿತ್ತು! ಸಾಲ ತೀರಿಸಲು, ಬಂಡವಾಳ ತರಲು ಮತ್ತೆ ಮತ್ತೆ ಹೊಸ ಷೇರು ಹುಟ್ಟಿಸುತ್ತ ಹೋದಂತೆ ರೊಟ್ಟಿ ದೊಡ್ಡದಾಯಿತು, ಹಳಬನ ತುಂಡು ಚೂರಾಯಿತು. ಇದರಲ್ಲಿ ಮೋಸವಿಲ್ಲ, ಎಲ್ಲವೂ ವಾರ್ಷಿಕ ವರದಿಯಲ್ಲಿ ಬರೆದಿರುತ್ತದೆ. ನಾನು ಆ ವರದಿಗಳಲ್ಲಿ ಹಸಿರು ಬೆಟ್ಟದ ಮೇಲಿನ ಗಾಳಿಯಂತ್ರದ ಫೋಟೋ ನೋಡುತ್ತಿದ್ದೆ. ಈಗ ಕೊನೆಯ ಪುಟಗಳಿಂದ ಹಿಂದಕ್ಕೆ ಓದುತ್ತೇನೆ. ಷೇರುಗಳ ಸಂಖ್ಯೆ ಐದು ವರ್ಷದಲ್ಲಿ ಎಷ್ಟಾಗಿದೆ, ಪ್ರವರ್ತಕರು ತಮ್ಮ ಪಾಲನ್ನು ಅಡವಿಟ್ಟಿದ್ದಾರೆಯೇ, ಬರಬೇಕಾದ ಬಾಕಿ ಎಷ್ಟು. ಫೋಟೋ ಆಮೇಲೆ.

ಸೌರವಿದ್ಯುತ್ತಿನಲ್ಲಿ ನನಗೆ ಕೈ ಸುಟ್ಟಿಲ್ಲ, ಕೈಯಲ್ಲಿ ಸುಡಲು ಏನೂ ಉಳಿದಿರಲಿಲ್ಲ ಅಷ್ಟೆ. ಆದರೆ ಅಲ್ಲಿ ಕಂಡದ್ದು ಇನ್ನೂ ವಿಚಿತ್ರ. 2010ರಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಸೌರ ವಿದ್ಯುತ್ತಿಗೆ ಕಟ್ಟಿದ ದರ ಯೂನಿಟ್‌ಗೆ 17.91 ರೂಪಾಯಿ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಹರಾಜು ಕೂಗಿದಾಗ 2.44ಕ್ಕೆ ಬಂತು. ಪೇಪರಿನಲ್ಲಿ ಅದನ್ನು ಓದಿ ಮೇಷ್ಟ್ರಾಗಿ ಕುಣಿದಾಡಿದೆ. ಆಮೇಲೆ ತಣ್ಣಗೆ ಕೂತು ಯೋಚಿಸಿದರೆ, ಬೆಲೆ ಏಳನೇ ಒಂದು ಪಾಲಿಗೆ ಇಳಿಯುವ ಸರಕನ್ನು ಮಾಡುವವನ ಗತಿಯೇನು? ಅಮೆರಿಕದ ಸೊಲಿಂಡ್ರಾ ಕಂಪನಿ ದುಬಾರಿ ಸಿಲಿಕಾನ್ ಬೇಡದ ಹೊಸ ಬಗೆಯ ಫಲಕ ಮಾಡಿತ್ತು, 53.5 ಕೋಟಿ ಡಾಲರ್ ಸಾಲಕ್ಕೆ ಅಲ್ಲಿನ ಸರ್ಕಾರವೇ ಖಾತರಿ ನಿಂತಿತ್ತು. ಸಿಲಿಕಾನ್ ಬೆಲೆ ಕುಸಿದದ್ದೇ ತಡ, ಅದರ ಜಾಣತನಕ್ಕೆ ಬೆಲೆಯಿಲ್ಲದಾಗಿ 2011ರಲ್ಲಿ ದಿವಾಳಿಯಾಯಿತು. ಹೊಸ ತಂತ್ರಜ್ಞಾನ ಅಗ್ಗವಾಗುವುದು ಬಳಸುವವರಿಗೆ ಹಬ್ಬ. ಷೇರು ಹಿಡಿದವನಿಗೆ ಆ ಹಬ್ಬದ ಊಟದಲ್ಲಿ ಎಲೆ ಹಾಕಿರುತ್ತಾರೆಂಬ ಖಾತ್ರಿಯಿಲ್ಲ.

ಎಲೆ ಯಾರಿಗೆ ಹಾಕಿದ್ದರು ಎಂಬುದನ್ನು ನೋಡಿದ್ದು ಪಾವಗಡದಲ್ಲಿ. ಅಲ್ಲಿಯ ಸೌರ ಉದ್ಯಾನ 13,000 ಎಕರೆಯದು, 2,050 ಮೆಗಾವಾಟ್. 2019ರ ಕೊನೆಗೆ ಪೂರ್ತಿಯಾಯಿತು. ಜಮೀನನ್ನು ಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯವರು ತಿರುಮಣಿ ಕಡೆ ಎಂಟು ಎಕರೆ ಕೊಟ್ಟಿದ್ದಾರೆ. ಶೇಂಗಾ ಬಿತ್ತಿ ಮಳೆ ಕಾಯುತ್ತಿದ್ದ ನೆಲ. "ಹರಾಜಲ್ಲಿ ರೇಟು ಎಷ್ಟಾದ್ರೂ ಕೂಗ್ಕೊಳ್ಲಿ ಸಾರ್, ನಮ್ಮ ಬಾಡಿಗೆ ನಮಗೆ ಬರುತ್ತೆ" ಎಂದ. ಸೂರ್ಯನ ಬಗ್ಗೆ ನಾನು ಎರಡು ವರ್ಷ ಅವನಿಗೆ ಪಾಠ ಮಾಡಿದ್ದೆ. ಸೂರ್ಯನ ಮುಂದೆ ಎಲ್ಲಿ ನಿಲ್ಲಬೇಕೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನ ಮಾತೇ ಪೂರ್ತಿ ಸತ್ಯವೆಂದೂ ಅಲ್ಲ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ತುಂಡು ನೆಲವೂ ಇಲ್ಲದ ಕೂಲಿಯವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ.

ಬೆಂಗಳೂರಿನ ನನ್ನ ತಂಗಿಯ ಮಗ 2021ರಲ್ಲಿ ಮೊಬೈಲಿನಲ್ಲೇ ಅಮೆರಿಕದ ಒಂದು ಹೈಡ್ರೋಜನ್ ಕಂಪನಿಯ ಷೇರು ಕೊಂಡು, "ಮಾವ, ವಿಶ್ವದಲ್ಲಿ ಅತಿ ಹೆಚ್ಚು ಇರೋ ಧಾತು ಇದೇ ಅಲ್ವಾ?" ಎಂದು ಫೋನ್ ಮಾಡಿದ. ಹೌದು ಮಾರಾಯ, ಇದೇ. ಗಾಳಿಯೂ ನಿಲ್ಲುವುದಿಲ್ಲ ಎಂದು ನಾನೂ ಅಂದುಕೊಂಡಿದ್ದೆ. ಅವನಿಗೆ ನಿಕೋಲಾ ಕಂಪನಿಯ ಲಾರಿಯ ಕತೆ ಹೇಳಿದೆ. ಹೈಡ್ರೋಜನ್, ಬ್ಯಾಟರಿ ಲಾರಿಗಳ ಕನಸು ಮಾರಿದ ಕಂಪನಿ ಅದು. ರಸ್ತೆಯಲ್ಲಿ ಅದರ ಲಾರಿ ಸರಾಗ ಓಡುವ ವಿಡಿಯೋ ಬಂತು. ಲಾರಿಯನ್ನು ದಿಣ್ಣೆಯ ಮೇಲಕ್ಕೆ ಎಳೆದೊಯ್ದು ಇಳಿಜಾರಿನಲ್ಲಿ ಬಿಟ್ಟಿದ್ದರು ಎಂಬುದು 2020ರಲ್ಲಿ ಬಯಲಾಯಿತು. ಫಿಸಿಕ್ಸ್ ಮೇಷ್ಟ್ರ ದೃಷ್ಟಿಯಲ್ಲಿ ಗುರುತ್ವಾಕರ್ಷಣೆಯೂ ಪರ್ಯಾಯ ಇಂಧನವೇ, ಇಳಿಜಾರು ಮುಗಿಯುವವರೆಗೆ. ಅದರ ಸ್ಥಾಪಕನನ್ನು 2022ರಲ್ಲಿ ನ್ಯಾಯಾಲಯ ವಂಚನೆಯ ಅಪರಾಧಿಯೆಂದಿತು, ಕಂಪನಿ 2025ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, ಮರುತಿಂಗಳೇ ಸ್ಥಾಪಕನಿಗೆ ಅಧ್ಯಕ್ಷರ ಕ್ಷಮಾದಾನವೂ ಸಿಕ್ಕಿತು. ಷೇರುದಾರರಿಗೆ ಕ್ಷಮಾದಾನದಿಂದ ಏನೂ ಸಿಗುವುದಿಲ್ಲ.

ಹುಡುಗನಿಗೆ ಬೇಡವೆನ್ನಲಿಲ್ಲ. ನಾನೂ ಪೂರ್ತಿ ಬಿಟ್ಟಿಲ್ಲ, ಹೊಸದೇನಾದರೂ ಕಂಡರೆ ಈಗಲೂ ಕೈ ತುರಿಸುತ್ತದೆ. ಒಂದು ಮಿತಿ ಹಾಕಿಕೊಂಡಿದ್ದೇನೆ: ಪೂರ್ತಿ ಹೋದರೂ ಅದೇ ದಿನ ಊಟದ ಹೊತ್ತಿಗೆ ಹೆಂಡತಿಗೆ ಹೇಳಬಹುದಾದಷ್ಟು ಮೊತ್ತ. ನನ್ನ ಮಟ್ಟಿಗೆ ಅದು ಹತ್ತು ಸಾವಿರ. ಮೊನ್ನೆ ಹದಿನೈದಕ್ಕೆ ಏರಿಸೋಣ ಎಂದುಕೊಂಡು, ಅವಳ ಮುಖ ನೆನೆದು ಬಿಟ್ಟೆ.

ಹೋದ ವರ್ಷ ತಾರಸಿಗೆ ಸೋಲಾರ್ ಹಾಕಿಸುವ ಕಂಪನಿಯ ಹುಡುಗನೊಬ್ಬ ಬಂದಿದ್ದ. ಮೂರು ಕಿಲೋವಾಟ್‌ಗೆ ಕೇಂದ್ರದ ಸಬ್ಸಿಡಿ 78,000, ನಾಲ್ಕೈದು ವರ್ಷದಲ್ಲಿ ಹಾಕಿದ್ದು ವಾಪಸ್ ಎಂದು ಟ್ಯಾಬ್‌ನಲ್ಲಿ ಬಣ್ಣದ ಚಿತ್ರ ತೋರಿಸಿದ. ಮೇಲೆ ಹತ್ತಿ ಅಳತೆ ಹಿಡಿದು, "ಸರ್, ಈ ಕಂಬಿಗಳನ್ನ ಕಟ್ ಮಾಡಿಸ್ಬೇಕಾಗುತ್ತೆ, ಪ್ಯಾನೆಲ್ ಮೇಲೆ ನೆರಳು ಬೀಳುತ್ತೆ" ಎಂದ. ನನಗೆ ಆಗಲೇ ಮನಸ್ಸು ಓಡಿತ್ತು. ಮೆಟ್ಟಿಲ ಕೆಳಗಿನಿಂದ ಹೆಂಡತಿ, "ನಮ್ಮ ಕರೆಂಟ್ ಬಿಲ್ ಎಷ್ಟು ಬರುತ್ತೆ ಅಂತ ಕೇಳಪ್ಪ ಅವರನ್ನ" ಎಂದಳು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ನಮ್ಮ ಬಿಲ್ಲು ಸೊನ್ನೆ. ಹುಡುಗ ಟ್ಯಾಬ್ ಮುಚ್ಚಿ, ಕಾಫಿ ಕುಡಿದು ಹೋದ.

ಕಂಬಿಗಳು ಹಾಗೇ ಇವೆ. ಅವಳು ಈ ಕಡೆಯಿಂದ ಆ ಕಡೆಗೆ ನೈಲಾನ್ ಹಗ್ಗ ಬಿಗಿದಿದ್ದಾಳೆ. ಆಷಾಢದಲ್ಲಿ ಬೆಟ್ಟದ ಕಡೆಯಿಂದ ಗಾಳಿ ಬೀಸುವಾಗ ಸೀರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಕ್ಲಿಪ್ ಮಾತ್ರ ಎರಡೆರಡು ಹಾಕಬೇಕು.