ಮೂಳೆಯ ಚೂರು ಹೇಳದ ಮಾತು

ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರ ಮೂಳೆಯ ಬಯಾಪ್ಸಿ ನಮ್ಮ ಪೆಥಾಲಜಿ ವಿಭಾಗಕ್ಕೆ ಬಂದಿತ್ತು. ಎರಡೂ ಮೊಣಕಾಲುಗಳ ಸುತ್ತ ನೋವು. ಕೀಲು ಸವೆದಿದೆಯೆಂದು ವರ್ಷಗಳಿಂದ ಮಾತ್ರೆ ನುಂಗಿದ್ದರು. ಸ್ಲೈಡಿನಲ್ಲಿ ಕಂಡದ್ದು ನಾರುಗಟ್ಟಿದ ಅಂಗಾಂಶ, ಅದರ ನಡುವೆ ಕೊಬ್ಬು ತುಂಬಿ ನೊರೆನೊರೆಯಾದ ಹಿಸ್ಟಿಯೋಸೈಟ್ ಕೋಶಗಳು. ಹಳೆಯ ಸೋಂಕಿನಲ್ಲೂ ಇಂಥವು ಸಿಗುತ್ತವೆ. ಅದನ್ನಷ್ಟೇ ನೋಡಿ ರೋಗದ ಹೆಸರು ಬರೆಯುವಂತಿರಲಿಲ್ಲ.

ಎಕ್ಸ್-ರೇ ತರಿಸಿದೆ. ತೊಡೆಮೂಳೆಯ ಕೆಳಭಾಗ, ಮೊಣಕಾಲ ಕೆಳಗಿನ ಮೂಳೆಯ ಮೇಲ್ಭಾಗ ಎರಡೂ ಕಾಲುಗಳಲ್ಲಿ ಒಂದೇ ಥರ ಬೆಳ್ಳಗೆ ಗಟ್ಟಿಯಾಗಿದ್ದವು. ಕೀಲಿಗೆ ತಾಗಿದ ತುದಿಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಸವಕಲು ಹೀಗೆ ಕೀಲನ್ನು ಬಿಟ್ಟು ಮೂಳೆಯನ್ನು ಹಿಡಿಯುವುದಿಲ್ಲ.

ವಾರ್ಡಿಗೆ ಹೋಗಿ, "ಬಾಯಾರಿಕೆ ಜಾಸ್ತಿಯಾ ಯಜಮಾನ್ರೇ?" ಎಂದೆ. ಉತ್ತರ ಕೊಟ್ಟವರು ಅವರ ಹೆಂಡತಿ: "ತಲೆದೆಸೆಗೆ ತಂಬಿಗೆ ಇಟ್ಕಂಡೇ ಮಲಗೋದು ಡಾಕ್ಟ್ರೇ. ಶುಗರ್ ನೋಡ್ಸಿದ್ವಿ, ಇಲ್ಲ ಅಂದ್ರು."

ಸಕ್ಕರೆ ಸರಿಯಿದ್ದೂ ಇಷ್ಟು ನೀರಡಿಕೆ, ರಾತ್ರಿಯಿಡೀ ಮೂತ್ರ ಎಂದರೆ ದೇಹದಲ್ಲಿ ನೀರನ್ನು ಹಿಡಿದಿಡುವ ಪಿಟ್ಯೂಟರಿ ಹಾರ್ಮೋನಿನ ಕೊರತೆಯನ್ನು ಶಂಕಿಸಬೇಕು. ಹಿಸ್ಟಿಯೋಸೈಟ್‌ಗಳು ಅಲ್ಲಿಗೂ ನುಗ್ಗುತ್ತವೆ. ಆದರೆ ಮಂಡಿನೋವಿಗೆಂದು ಮೂಳೆ ಡಾಕ್ಟರ ಮುಂದೆ ಕೂತವರಿಗೆ ಬಾಯಾರಿಕೆಯ ಮಾತು ಹೇಳಬೇಕೆಂದು ಹೊಳೆಯುವುದಾದರೂ ಹೇಗೆ? ನಾವೇ ಕೇಳಬೇಕು.

ಬೋನ್ ಸ್ಕ್ಯಾನಿನಲ್ಲಿ ಎರಡೂ ಕಾಲಿನ ಮೂಳೆಗಳು ಸಮಸಮವಾಗಿ ಹೊಳೆದವು. ಸಿ.ಟಿ.ಯಲ್ಲಿ ಮೂತ್ರಪಿಂಡಗಳ ಸುತ್ತಲೂ ಅದೇ ಅಂಗಾಂಶ ಮುತ್ತಿತ್ತು. ಎರ್ಡ್‌ಹೈಮ್-ಚೆಸ್ಟರ್ ಕಾಯಿಲೆ. ವಿಯೆನ್ನಾದಲ್ಲಿ ಯಾಕೋಬ್ ಎರ್ಡ್‌ಹೈಮ್ ಜೊತೆ ಕೆಲಸ ಮಾಡುತ್ತಿದ್ದ ವಿಲಿಯಂ ಚೆಸ್ಟರ್ 1930ರಲ್ಲಿ ಇದನ್ನು ವಿವರಿಸಿದರು.

ಇದರ ಬಂಧು ಲ್ಯಾಂಗರ್‌ಹಾನ್ಸ್ ಕೋಶದ ಕಾಯಿಲೆ ಮಕ್ಕಳಲ್ಲಿ ಹೆಚ್ಚು. ಅಲ್ಲಿ ಮೂಳೆ ಗಟ್ಟಿಯಾಗುವ ಬದಲು ಕರಗುತ್ತದೆ: ತಲೆಬುರುಡೆಯಲ್ಲಿ ತೂತು, ಕುಸಿದು ಚಪ್ಪಟೆಯಾದ ಬೆನ್ನುಮೂಳೆ. ನಮ್ಮ ಕಡೆ ಬೆನ್ನುಮೂಳೆ ಕುಸಿದರೆ ಮೊದಲು ಕ್ಷಯ ನೆನಪಾಗುತ್ತದೆ, ಆಗಲೇಬೇಕು. ಆದರೆ ಕ್ಷಯ ಸಾಮಾನ್ಯವಾಗಿ ಡಿಸ್ಕನ್ನೂ ತಿನ್ನುತ್ತದೆ. ಈ ಕಾಯಿಲೆಯಲ್ಲಿ ಅದು ಬಹುತೇಕ ಉಳಿದಿರುತ್ತದೆ. ಅಂಥ ಮಗುವಿಗೆ ಬಯಾಪ್ಸಿಯಿಲ್ಲದೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಡುವುದನ್ನು ನಾನು ಒಪ್ಪಲಾರೆ. ಸ್ಲೈಡಿನ ಮೇಲೆ ಸಿಡಿ1ಎ, ಲ್ಯಾಂಗೆರಿನ್ ಬಣ್ಣ ಹಿಡಿದರೆ ಲ್ಯಾಂಗರ್‌ಹಾನ್ಸ್. ಅವೆರಡೂ ಹಿಡಿಯದೆ ಸಿಡಿ68, ಸಿಡಿ163 ಹಿಡಿದರೆ ಯೋಚನೆ ಎರ್ಡ್‌ಹೈಮ್-ಚೆಸ್ಟರ್ ಕಡೆ ಹೊರಳುತ್ತದೆ. ಅಪರೂಪಕ್ಕೆ ಎರಡೂ ಒಬ್ಬರಲ್ಲೇ ಇರುವುದುಂಟು.

ಲ್ಯಾಬಿನೊಳಗಿನ ಒಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಮೂಳೆಯನ್ನು ತೆಳ್ಳಗೆ ಕೊಯ್ಯಬೇಕಾದರೆ ಮೊದಲು ಅದರ ಸುಣ್ಣ ತೆಗೆಯಬೇಕು. ಸಾಮಾನ್ಯವಾಗಿ ಆಮ್ಲದಲ್ಲಿ ನೆನೆಸುತ್ತೇವೆ, ಬೇಗ ಮುಗಿಯುತ್ತದೆ. ಆದರೆ ಆಮ್ಲ ಡಿಎನ್‌ಎಯನ್ನು ಹಾಳುಮಾಡುತ್ತದೆ. ಈ ಎರಡೂ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳ ಕೋಶಗಳಲ್ಲಿ ಬಿರಾಫ್ ವಿ600ಇ ಎಂಬ ಜೀನ್ ಬದಲಾವಣೆ ಇರುತ್ತದೆ. ಅದು ಸಿಕ್ಕರೆ ಎರ್ಡ್‌ಹೈಮ್-ಚೆಸ್ಟರ್ ರೋಗಿಗೆ ವೆಮುರಾಫೆನಿಬ್ ಮಾತ್ರೆಯ ದಾರಿಯಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಆಮ್ಲದಲ್ಲಿ ನೆನೆದ ಚೂರಿನಲ್ಲಿ ಆ ಬದಲಾವಣೆ ಇದ್ದರೂ ಪರೀಕ್ಷೆಗೆ ಸಿಗದೇ ಹೋಗಬಹುದು.

ಬೆಳೆಗಾರರ ಚೂರಿನ ಒಂದು ಭಾಗವನ್ನು ನಿಧಾನವಾದರೂ ಸೌಮ್ಯವಾದ ಇಡಿಟಿಎ ದ್ರಾವಣದಲ್ಲಿ ಇಟ್ಟಿದ್ದೆವು. ಅದರಲ್ಲೇ ಬದಲಾವಣೆ ಪತ್ತೆಯಾಯಿತು. ಈಗ ನಮ್ಮ ಸರ್ಜನ್ನರು ಮೂಳೆಗೆ ಸೂಜಿ ಹಾಕುವ ಮುಂಚೆಯೇ ಫೋನ್ ಮಾಡುತ್ತಾರೆ. ಫಿಲ್ಮನ್ನು ಜೊತೆಗೆ ಕೂತು ನೋಡಿ, ಚರ್ಮದಲ್ಲೋ ಮೂತ್ರಪಿಂಡದ ಸುತ್ತಲೋ ಮೆತ್ತನೆಯ ಗಂಟು ಸಿಗುವಂತಿದ್ದರೆ ಮೂಳೆಯ ಬದಲು ಅಲ್ಲಿಂದಲೇ ಚೂರು ತೆಗೆಯುತ್ತೇವೆ.