ಅಂಗಳದ ದಾಳಿಂಬೆಗೆ ಮೊದಲ ಚಾಟನಿ

ಪ್ರಶ್ನೆ: ಕಲಬುರಗಿಯ ಕೋಟೆ ಬಳಿಯ ಮನೆಯಂಗಳದ ದಾಳಿಂಬೆ ಪೊದೆಯಾಗಿ ಹಬ್ಬಿದೆ. ಹೊಸಬರು ಚಾಟನಿಯನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ದಾಳಿಂಬೆಯು ಬುಡದಿಂದಲೇ ಹಲವು ಕಾಂಡಗಳನ್ನು ಹೊರಡಿಸುವ ಸಸ್ಯವಾದುದರಿಂದ, ಕಮಲಾಪುರದ ಕೆಂಪು ಬಾಳೆಯಲ್ಲಿ ಹೆಚ್ಚಿನ ಕಂದುಗಳನ್ನು ತೆಗೆಯುವಂತೆ, ಇಲ್ಲಿಯೂ ಮೂರು ಅಥವಾ ನಾಲ್ಕು ದೃಢ ಕಾಂಡಗಳನ್ನು ಉಳಿಸಿ ಮಿಕ್ಕವನ್ನು ನೆಲಮಟ್ಟದಲ್ಲಿ ಕತ್ತರಿಸುವುದು ಚಾಟನಿಯ, ಅಂದರೆ ಸವರುವಿಕೆಯ, ಮೊದಲ ಹಂತವಾಗಿದೆ. ಅನಂತರ ಒಣಗಿದ, ರೋಗ ತಗುಲಿದ, ಒಂದಕ್ಕೊಂದು ಉಜ್ಜುವ ರೆಂಬೆಗಳನ್ನೂ, ಹೂಬಿಡದೆ ನೆಟ್ಟಗೆ ಏರುವ ನೀರು ಚಿಗುರುಗಳನ್ನೂ ತೆಗೆಯಬೇಕು. ಬಲಿತ ರೆಂಬೆಗಳ ಗಿಡ್ಡ ಕವಲುಗಳಲ್ಲಿಯೇ ಹೆಚ್ಚಾಗಿ ಹೂ ಮೂಡುವುದರಿಂದ, ಅಂದಕ್ಕಾಗಿ ಎಲ್ಲ ತುದಿಗಳನ್ನು ಒಂದೇ ಸಮನೆ ಕತ್ತರಿಸಿದರೆ ಫಸಲು ಕುಗ್ಗುತ್ತದೆ.

ಮಳೆಗಾಲದಲ್ಲಿ ಕತ್ತರಿಸಿದ ಗಾಯದ ಮೂಲಕ ದುಂಡಾಣು ಅಂಗಮಾರಿ, ಅಂದರೆ ಎಲೆ ಮತ್ತು ಕಾಯಿಗಳ ಮೇಲೆ ಕಪ್ಪು ಚುಕ್ಕೆ ಮೂಡಿಸಿ ಕಾಯಿ ಸೀಳುವ ರೋಗ, ಒಳಹೊಗುವ ಸಂಭವವಿದ್ದು, 40 ಡಿಗ್ರಿ ದಾಟುವ ಮೇ ಬಿಸಿಲಿಗೆ ನೆರಳಿಲ್ಲದ ತೊಗಟೆ ಸುಡುವುದರಿಂದ, ಕಾಯಿ ಕೊಯ್ದ ಬಳಿಕ ಚಳಿಗಾಲದ ಒಣಹವೆಯಲ್ಲಿ ಈ ಕೆಲಸ ಮಾಡುವುದು ಯುಕ್ತ. ದಪ್ಪ ಕಾಂಡದ ಗಾಯಗಳಿಗೆ ಬೋರ್ಡೋ ಮುಲಾಮನ್ನು ಹಚ್ಚಬೇಕು. ತಲಾ ಅರ್ಧ ಲೀಟರ್ ನೀರಿನಲ್ಲಿ 100 ಗ್ರಾಂ ಮೈಲುತುತ್ತವನ್ನೂ 100 ಗ್ರಾಂ ಸುಣ್ಣವನ್ನೂ ಬೇರೆಬೇರೆಯಾಗಿ ಕಲಸಿ, ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೆರೆಸಿದರೆ ಅದು ಸಿದ್ಧವಾಗುತ್ತದೆ.